ಎಚ್‌ಡಿ ಎಂಬ ಹಣೆಪಟ್ಟಿ ಮತ್ತು ಒಳಗಿನ ಚಿತ್ರ

ಚಿತ್ರ 1080 ಅಡ್ಡಗೆರೆಗಳ ಎಚ್‌ಡಿ (ಹೈ ಡೆಫಿನಿಷನ್, ಹೆಚ್ಚು ವಿವರದ ಚಿತ್ರ) ಎಂದು ಸಾರುತ್ತ ಟಿವಿ ಪರದೆಯ ಮೂಲೆಯಲ್ಲಿ ಮೂಡುವ ‘1080ಐ’ ಎಂಬ ಬರಹ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದು ತಿಳಿಸುವುದು ಸಂಕೇತದ ಅಳತೆಯನ್ನು ಮಾತ್ರ. ಅದರೊಳಗಿನ ಚಿತ್ರವನ್ನು ಎಂತಹ ಕ್ಯಾಮೆರಾ ಹಿಡಿಯಿತು, ಅದು ಯಾವ ಟೇಪನ್ನು ಹಾದು ಬಂತು ಎಂಬುದು ಅಲ್ಲಿ ದಾಖಲಾಗಿರುವುದಿಲ್ಲ.

ಈ ಗೊಂದಲದ ಬೇರು ಡಿಜಿಟಲ್ ಪ್ರಸಾರದ ಆರಂಭದಲ್ಲೇ ಇದೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೊ ಒಲಿಂಪಿಕ್ಸ್‌ನ ನಂತರ ಸಂಶೋಧನೆಗೆ ತೊಡಗಿ ರೂಪಿಸಿದ 1125 ಗೆರೆಗಳ ಹೈ-ವಿಷನ್ ಎಂಬ ಎಚ್‌ಡಿ ವ್ಯವಸ್ಥೆಗೆ ಕ್ಯಾಮೆರಾದಿಂದ ಟಿವಿಯವರೆಗೆ ಎಲ್ಲವೂ ಹೊಸದಾಗಿ ತಯಾರಾಗಬೇಕಿತ್ತು. ಅಮೆರಿಕದ ಡಿಜಿಟಲ್ ಟಿವಿ ಮಾನದಂಡವಾದ ಎಟಿಎಸ್‌ಸಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ: 18 ಚಿತ್ರಸ್ವರೂಪಗಳ ಅದರ ಪಟ್ಟಿಯಲ್ಲಿ ಎಚ್‌ಡಿ ಎನ್ನಬಹುದಾದವು 6 ಮಾತ್ರ. 1996ರ ಡಿಸೆಂಬರ್‌ನಲ್ಲಿ ಆ ಮಾನದಂಡವನ್ನು ಅಂಗೀಕರಿಸಿದ ಅಮೆರಿಕದ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ಕಂಪ್ಯೂಟರ್ ಉದ್ಯಮದ ಆಕ್ಷೇಪದ ಬಳಿಕ ಆ ಪಟ್ಟಿಯನ್ನೇ ಕೈಬಿಟ್ಟಿತು. ಹೀಗಾಗಿ ಕೇಂದ್ರಗಳು ಡಿಜಿಟಲ್ ಆಗುವುದು ಕಡ್ಡಾಯವಾಯಿತೇ ಹೊರತು ಎಚ್‌ಡಿ ಆಗುವುದಲ್ಲ.

ಹಳೆಯ ಧಾರಾವಾಹಿ, ಜಾಹೀರಾತು, ಸುದ್ದಿ ದೃಶ್ಯಗಳೆಲ್ಲ ಎಸ್‌ಡಿಯಲ್ಲೇ (ಸ್ಟ್ಯಾಂಡರ್ಡ್ ಡೆಫಿನಿಷನ್, ಕಡಿಮೆ ವಿವರದ ಹಳೆಯ ಮಟ್ಟ) ಇದ್ದವು. ಪ್ರಸಾರದ ನಡುವೆ ಸ್ವರೂಪ ಬದಲಿಸಿದರೆ ಎಷ್ಟೋ ಟಿವಿಗಳು ಕ್ಷಣಕಾಲ ಕಪ್ಪಾಗುತ್ತವೆ. ಆದ್ದರಿಂದ ವಾಹಿನಿಗಳು ಎಲ್ಲವನ್ನೂ ಅಪ್‌ಕನ್ವರ್ಟ್ ಮಾಡಿ, ಅಂದರೆ ಎಸ್‌ಡಿ ಚಿತ್ರವನ್ನು ಎಚ್‌ಡಿ ಅಳತೆಗೆ ಹಿಗ್ಗಿಸಿ, ಒಂದೇ ಅಳತೆಯಲ್ಲಿ ಕಳುಹಿಸತೊಡಗಿದವು. ಇದು ಮೋಸವೇನಲ್ಲ, ಅನಿವಾರ್ಯವೇ. ಆದರೆ 720×480ರ ಎಸ್‌ಡಿ ಚಿತ್ರದಲ್ಲಿ ಇರುವುದು 3,45,600 ಬಿಂದುಗಳು, 1920×1080ರ ಎಚ್‌ಡಿಯಲ್ಲಿ 20,73,600. ಅಂದರೆ ಹಿಗ್ಗಿಸಿದ ಚಿತ್ರದ ಆರರಲ್ಲಿ ಐದು ಪಾಲು ಯಂತ್ರದ ಊಹೆ.

ಈ ಊಹೆಯನ್ನು ಹಿಡಿಯಲು ವಾಹಿನಿಯ ಲಾಂಛನವೇ ಒಳ್ಳೆಯ ಸಾಕ್ಷಿ. ಅದನ್ನು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ, ಎಚ್‌ಡಿಯಲ್ಲೇ ಸೇರಿಸಲಾಗುತ್ತದೆ. ಲಾಂಛನದ ಅಂಚು ಚೂಪಾಗಿದ್ದು ಹಿಂದಿನ ಮುಖ, ಕೂದಲು, ಹುಲ್ಲು ಮಾತ್ರ ಮಸುಕಾಗಿದ್ದರೆ ಮೂಲ ಎಸ್‌ಡಿ ಎಂದು ಶಂಕಿಸಬಹುದು. ಮಸುಕನ್ನು ಮರೆಮಾಡಲು ಅಂಚುಗಳನ್ನು ಕೃತಕವಾಗಿ ಚೂಪಾಗಿಸಿದಲ್ಲಿ ವಸ್ತುಗಳ ಸುತ್ತ ಬಿಳಿಯ ಪ್ರಭೆ ಕಾಣುತ್ತದೆ. ಪಟ್ಟೆ ಅಂಗಿಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಿದಾಡಿದರಂತೂ ಶಂಕೆ ಇನ್ನಷ್ಟು ಬಲವಾಗುತ್ತದೆ: ಅದು ಸಾಮಾನ್ಯವಾಗಿ ಬಣ್ಣವನ್ನೂ ಬೆಳಕನ್ನೂ ಒಂದೇ ಸಂಕೇತದಲ್ಲಿ ಬೆರೆಸುತ್ತಿದ್ದ ಎನ್‌ಟಿಎಸ್‌ಸಿ, ಪಾಲ್ ಎಂಬ ಹಳೆಯ ಅನಲಾಗ್ ಟಿವಿ ವ್ಯವಸ್ಥೆಗಳ ಕಾಲದ ಗುರುತು, ಒಮ್ಮೆ ಅಂಟಿದ ಮೇಲೆ ಸುಲಭವಾಗಿ ಬಿಡುವುದಿಲ್ಲ. ಚಿತ್ರ ಪರದೆಯ ಅಗಲವನ್ನು ತುಂಬಿದೆ ಎಂಬುದು ಮಾತ್ರ ಪುರಾವೆಯಾಗದು, ಏಕೆಂದರೆ 16:9ರ (ಅಗಲ ಪರದೆಯ) ಎಸ್‌ಡಿಯೂ ಇತ್ತು, 4:3ರ (ಹಳೆಯ ಟಿವಿಯ ಕಿರಿದಾದ) ಚಿತ್ರವನ್ನು ಎಳೆದು ಮುಖಗಳನ್ನು ಊದಿಸುವ ಪದ್ಧತಿಯೂ ಇತ್ತು.

ಮಸುಕೆಲ್ಲ ಅಪ್‌ಕನ್ವರ್ಟ್ ಅಲ್ಲ ಎಂಬುದನ್ನೂ ಹೇಳಬೇಕು. ಕಡಿಮೆ ಡೇಟಾದಲ್ಲಿ ಕಳುಹಿಸಲೆಂದು ಅತಿಯಾಗಿ ಸಂಕುಚಿಸಿದ ನಿಜವಾದ ಎಚ್‌ಡಿ, ವೇಗದ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆದು ಎಸ್‌ಡಿಗಿಂತ ಕೆಟ್ಟದಾಗಿ ಕಾಣಬಲ್ಲದು. ಆದರೆ ದೃಶ್ಯ ನಿಂತೊಡನೆ ವಿವರ ಮರಳುತ್ತದೆ, ಹಿಗ್ಗಿಸಿದ ಚಿತ್ರದಲ್ಲಿ ಮರಳುವುದಿಲ್ಲ. ಹಳೆಯದೆಲ್ಲ ಎಸ್‌ಡಿಯೂ ಅಲ್ಲ. 1987ರಲ್ಲಿ ಆರಂಭವಾದ ಅಮೆರಿಕದ ಧಾರಾವಾಹಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಚಿತ್ರೀಕರಣಗೊಂಡದ್ದು ಎಚ್‌ಡಿಗೆ ಸಾಲುವಷ್ಟು ವಿವರ ಹಿಡಿಯಬಲ್ಲ 35 ಮಿ.ಮೀ. ಫಿಲ್ಮಿನಲ್ಲಿ, ಸಂಕಲನಗೊಂಡದ್ದು ವಿಡಿಯೊ ಟೇಪಿನಲ್ಲಿ. 2012ರಿಂದ ಹೊರಬಂದ ಎಚ್‌ಡಿ ಆವೃತ್ತಿಗಾಗಿ ಮೂಲ ನೆಗೆಟಿವ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿ, ಕಂತುಗಳನ್ನು ಹೊಸದಾಗಿ ಜೋಡಿಸಬೇಕಾಯಿತು.