ಪ್ರಾಥಮಿಕ ಡಿಕ್ರಿ ಆಯಿತು, ಪಾಲು ಯಾವಾಗ?

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಊರಿನ ಪಾಲಿನ ದಾವೆ ಆಗಾಗ ಮಾತಿಗೆ ಬರುತ್ತದೆ. ಸಂಸಾರ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ, ದಾವೆ ಕುಂದಾಪುರದಲ್ಲೋ ಉಡುಪಿಯಲ್ಲೋ. ಜಮೀನು ಎಲ್ಲಿದೆಯೋ ಅಲ್ಲಿನ ಕೋರ್ಟಿಗೇ ಹೋಗಬೇಕು ಅಲ್ವಾ? ಒಂದು ದಿನ ಊರಿಂದ ಫೋನ್ ಬರುತ್ತದೆ, "ನಮಗೆ ಡಿಕ್ರಿ ಆಯ್ತು" ಅಂತ. ಕೇಸು ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಆದರೆ ಯಾವ ಡಿಕ್ರಿ ಎಂದು ಆಗಲೇ ಕೇಳಬೇಕು.

ತೀರ್ಪಿನಲ್ಲಿ ನ್ಯಾಯಾಧೀಶರು ಕಾರಣ ಹೇಳುತ್ತಾರೆ. ಯಾರಿಗೆ ಏನು ಹಕ್ಕು ಎಂಬುದನ್ನು ಡಿಕ್ರಿ ಗೊತ್ತುಮಾಡುತ್ತದೆ. ಪಾಲಿನ ದಾವೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿಮಗೆ ಮೂರನೇ ಒಂದು ಪಾಲು ಎಂದು ಅದು ಹೇಳುತ್ತದೆ. ಯಾವ ಗದ್ದೆ, ಯಾವ ಕೋಣೆ ಎಂದು ಹೇಳುವುದಿಲ್ಲ. ಸರಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ ಜಿಲ್ಲಾಧಿಕಾರಿ ಕಡೆಯಿಂದ, ಮನೆಯಾದರೆ ಕೋರ್ಟು ನೇಮಿಸುವ ಕಮಿಷನರ್ ಕಡೆಯಿಂದ ಅಳತೆ ಆಗಿ ವಿಂಗಡಣೆ ಆಗಬೇಕು. ಮನೆಯಂಥ ಆಸ್ತಿಗೆ ಆಮೇಲೆ ಅಂತಿಮ ಡಿಕ್ರಿ ಬರುತ್ತದೆ. ಎದುರಿನವರು ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬೇಕು. ಮಹಾರಾಷ್ಟ್ರದ ಕೋರ್ಟುಗಳಲ್ಲಿ ಇದನ್ನೇ ದರಖಾಸ್ತು ಎನ್ನುತ್ತಾರೆ.

ಈ ಗೋಳು ಇಂದಿನದಲ್ಲ. ಸಿವಿಲ್ ದಾವೆ ಹೇಗೆ ನಡೆಯಬೇಕು ಎಂದು ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆ ಮೊದಲು ಬಂದದ್ದು 1859ರಲ್ಲಿ. ಹದಿಮೂರೇ ವರ್ಷದಲ್ಲಿ, 1872ರಲ್ಲಿ, ಆಗ ಭಾರತದ ಅಪೀಲುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಬಿಹಾರದ ದರ್ಭಾಂಗಾದ ಪ್ರಕರಣವೊಂದರಲ್ಲಿ ಭಾರತದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಬರೆಯಿತು. 1877, 1882ರಲ್ಲಿ ಸಂಹಿತೆ ಬದಲಾಯಿತು. ಈಗ ನಡೆಯುತ್ತಿರುವುದು 1908ರದ್ದು. ಅದರಲ್ಲೂ ಮೊದಲು, ಅಮಲ್ಜಾರಿಯ ಹೊತ್ತಿನಲ್ಲಿ ಎದ್ದ ಪ್ರಶ್ನೆಗೆ ಕೋರ್ಟು ಕೊಟ್ಟ ಉತ್ತರವೂ ಡಿಕ್ರಿ ಎನಿಸಿಕೊಳ್ಳುತ್ತಿತ್ತು. ಅದರ ಮೇಲೆ ಮತ್ತೆ ಅಪೀಲು. 1976ರ ತಿದ್ದುಪಡಿ ಆ ದಾರಿ ಮುಚ್ಚಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಪ್ರಾಥಮಿಕ ಡಿಕ್ರಿಯ ಅರೆಬರೆ ಸ್ವಭಾವವೇ ಒಳ್ಳೆಯದಾಯಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಅಷ್ಟು ಹೊತ್ತಿಗೆ ಪ್ರಾಥಮಿಕ ಡಿಕ್ರಿ ಆಗಿಬಿಟ್ಟಿದ್ದರೆ? ಆಗಿದ್ದರೂ ಅಂತಿಮ ಡಿಕ್ರಿಯಲ್ಲಿ ಅವಳಿಗೆ ಸಮಪಾಲು ಕೊಡಬೇಕು ಎಂದು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಾಗಿ ಮುಂಬೈ ಸೇರಿದ ಅಕ್ಕತಂಗಿಯರು ಇದನ್ನು ಖಂಡಿತ ತಿಳಿದಿರಬೇಕು. ಹಳೇ ಡಿಕ್ರಿ ತೋರಿಸಿ "ನಿಮಗೇನೂ ಇಲ್ಲ" ಎಂದರೆ ಸುಮ್ನೆ ಸಹಿ ಹಾಕಬೇಡಿ.

ಪ್ರಾಥಮಿಕ ಡಿಕ್ರಿ ಆದ ಮೇಲೆ ಬೇರೆ ಅರ್ಜಿಗೆ ಕಾಯದೆ ಅಂತಿಮ ಡಿಕ್ರಿಯ ಕೆಲಸಕ್ಕೆ ಕೋರ್ಟೇ ದಿನ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಎಂಬ ಸೂಚನೆ 2021ರದ್ದು, ಅದೂ ಬೆಂಗಳೂರಿನ ಒಂದು ಆಸ್ತಿ ಜಗಳದಿಂದಲೇ ಬಂದದ್ದು. ಆದರೂ 2025ರ ಲೆಕ್ಕದಲ್ಲಿ ದೇಶದಲ್ಲಿ 8.8 ಲಕ್ಷ ಅಮಲ್ಜಾರಿ ಅರ್ಜಿ ಬಾಕಿ ಇದ್ದವು. ಅದರಲ್ಲಿ ಬಾಂಬೆ ಹೈಕೋರ್ಟಿನ ವ್ಯಾಪ್ತಿಯಲ್ಲೇ 3.4 ಲಕ್ಷಕ್ಕೂ ಜಾಸ್ತಿ.

ನಮ್ಮ ಕಡೆಯಿಂದ ಆಗುವ ತಡವೂ ಒಂದಿದೆ. ಪಾಲಿನ ಅಂತಿಮ ಡಿಕ್ರಿಯನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಬೇಕು. ಅದರ ಖರ್ಚಿಗೆ ಹೆದರಿ, ದಾಯಾದಿಗಳು ನೀನು ಕೊಡು, ನೀನೇ ಕೊಡು ಎಂದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಅಮಲ್ಜಾರಿಗೆ ಇರುವ ಗಡುವು 12 ವರ್ಷ. ಅದನ್ನು ಸ್ಟಾಂಪ್ ಪೇಪರ್ ಕೊಟ್ಟ ದಿನದಿಂದ ಎಣಿಸುವುದಿಲ್ಲ, ಅಂತಿಮ ಡಿಕ್ರಿಯ ತಾರೀಕಿನಿಂದಲೇ ಎಣಿಸುತ್ತಾರೆ.