ಬಯಾಪ್ಸಿ ಆದಮೇಲೆ ಕಫದಲ್ಲಿ ರಕ್ತ ಬಂದರೆ?

ಪ್ರಶ್ನೆ: ಅಪ್ಪಯ್ಯನ ಶ್ವಾಸಕೋಶದಲ್ಲಿ ಗಂಟಿದೆ. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ನೋಡಿಕೊಂಡು, ಸೂಜಿ ಹಾಕಿ ಚೂರು ತೆಗೆಯುತ್ತಾರಂತೆ. ಆಮೇಲೆ ರಕ್ತ ಬಂದರೆ ಏನು ಮಾಡುವುದು? ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ.

ಉತ್ತರ: ಮೊದಲು ಕವಳದ, ಅಂದರೆ ಎಲೆಯಡಿಕೆಯ ಮಾತು. ಅಪ್ಪಯ್ಯ ಕವಳ ಹಾಕುವವರಾದರೆ ಬಯಾಪ್ಸಿ ಆದಮೇಲೆ ಎರಡು ದಿನ ಸಂಚಿ ಎತ್ತಿಡಿ. ನಮ್ಮ ಕಡೆ ಕೆಂಪು ಉಗುಳು ಸುದ್ದಿಯೇ ಅಲ್ಲ. ಆದರೆ ಆ ಎರಡು ದಿನ ಕೆಂಪು ಕಂಡರೆ ರಕ್ತವೇ ಎಂದು ಗೊತ್ತಾಗಬೇಕಲ್ವಾ?

ಕಫದಲ್ಲಿ ಎಳೆಎಳೆಯಾಗಿ ರಕ್ತ ಬರುವುದಿದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಇದಕ್ಕಿಂತ ಜಾಸ್ತಿ ಕಾಣುವ ತೊಂದರೆ ಎಂದರೆ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಲ್ಲಿ ಸೇರಿಕೊಳ್ಳುವುದು. ಜೋರು ರಕ್ತಸ್ರಾವ ಅಪರೂಪ.

ಹಾಗೇನಾದರೂ ಆದರೆ, ಮೈಯಿಂದ ಎಷ್ಟು ರಕ್ತ ಹೋಯಿತು ಎನ್ನುವುದಕ್ಕಿಂತ ಅದು ಎಲ್ಲಿಗೆ ಹೋಯಿತು ಎಂಬುದೇ ದೊಡ್ಡ ಚಿಂತೆ. ಚೆನ್ನಾಗಿರುವ ಇನ್ನೊಂದು ಶ್ವಾಸಕೋಶಕ್ಕೂ ಇಳಿದರೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಸೂಜಿ ಹಾಕಿದ ಬದಿ ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸುತ್ತಾರೆ. ಬಲಕ್ಕೆ ಹಾಕಿದ್ದರೆ ಬಲ ಮಗ್ಗುಲು. ಜತೆಗೆ ಆಕ್ಸಿಜನ್. ನಿಲ್ಲದಿದ್ದರೆ ಒಳ್ಳೆಯ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುವಂತೆ ನಳಿಕೆ ಇಳಿಸುತ್ತಾರೆ. ತೊಡೆಸಂದಿಯ ರಕ್ತನಾಳದಿಂದ ಸಪೂರ ನಳಿಕೆ ದಾಟಿಸಿ, ಸೋರುವ ಧಮನಿಯನ್ನೇ ಮುಚ್ಚುವುದೂ ಉಂಟು. ಆಪರೇಶನ್‌ವರೆಗೆ ಹೋಗುವುದು ತೀರಾ ಕಡಿಮೆ.

ಕೆಮ್ಮಿದರೆ ಒಂದು ಹನಿಯೂ ಕಾಣದೆ ಎದೆಗೂಡಿನೊಳಗೇ ರಕ್ತ ತುಂಬುವುದೂ ಇದೆ. ಪಕ್ಕೆಲುಬಿನ ಕೆಳ ಅಂಚಿಗೆ ಒಂದು ಧಮನಿ ಅಂಟಿಕೊಂಡೇ ಸಾಗುತ್ತದೆ. ಅದಕ್ಕೆ ತಾಗದಿರಲಿ ಎಂದೇ ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ಒತ್ತಿಸಿಕೊಂಡು ತೂರಿಸುತ್ತಾರೆ. ಹಾಗಾಗಿ ತಲೆಸುತ್ತು, ತಣ್ಣನೆ ಬೆವರು, ಏದುಸಿರು ಬಂದರೆ ಕೆಂಪು ಕಾಣದಿದ್ದರೂ ತಡ ಮಾಡಬೇಡಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ಸಮೇತ ಮೊದಲೇ ಡಾಕ್ಟರಿಗೆ ತೋರಿಸಿ. ಕೆಲವನ್ನು 5 ದಿನ ಮೊದಲೇ ಬಿಡಲು ಹೇಳುತ್ತಾರೆ. ನೀವಾಗಿಯೇ ಸುಮ್ನೆ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದೇ ದೊಡ್ಡ ಅಪಾಯ.

ಕೆಲವು ಗಂಟೆ ನೋಡಿ, ಎಕ್ಸ್‌ರೇ ತೆಗೆದು ಸಂಜೆಗೆ ಮನೆಗೆ ಕಳಿಸುವುದಿದೆ. ನನ್ನ ಕೇಳಿದರೆ ಅಂದೇ ಬಸ್ಸು ಹತ್ತಬೇಡಿ. ಶಿರಸಿಗೆ ಸುಮಾರು 100 ಕಿಲೋಮೀಟರ್ ದಾರಿ, ನಡುವೆ ಕಾಡು. ಒಂದು ರಾತ್ರಿ ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ.

ಮನೆಗೆ ಬಂದಮೇಲೆ ಕೆಮ್ಮಿದಾಗ ಬರೀ ರಕ್ತ ಅಥವಾ ಹೆಪ್ಪುಗಟ್ಟಿದ ರಕ್ತ ಬಂದರೆ 108ಕ್ಕೆ ಫೋನ್ ಮಾಡಿ. ಯಾವ ಬದಿಗೆ ಸೂಜಿ ಹಾಕಿದ್ದು ಎಂದು ಚೀಟಿಯಲ್ಲಿ ಬರೆದು ಅಪ್ಪಯ್ಯನ ಕಿಸೆಯಲ್ಲಿಡಿ. ಗಾಬರಿಯಲ್ಲಿ ಎಡವೋ ಬಲವೋ ಮರೆತುಹೋಗುತ್ತದೆ.