ನಕ್ಷೆಯಲ್ಲಿ ಕಾಣದ ಜೋಳದ ಸಾವಕಾರರು

ಉದ್ಯಮಿಗಳ ಬೆಂಬಲ ಜಾಲದ ನಕ್ಷೆ ಮಾಡಿಕೊಡಿ ಎಂದು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ: ಜಿಲ್ಲಾ ಕೈಗಾರಿಕಾ ಕೇಂದ್ರ, ಉದ್ಯಮಗಳಿಗೆ ಸಾಲ ಕೊಡುವ ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿ, ಉದ್ಯಮಶೀಲತಾ ತರಬೇತಿ ಕೊಡುವ ಧಾರವಾಡದ ಸಿಡಾಕ್, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್, 1949ರಿಂದಲೂ ಇರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ. ಇವೆಲ್ಲ ಬೇಕಾದ ಸಂಸ್ಥೆಗಳೇ; ಇಂಥಲ್ಲಿ ತರಬೇತಿ ಪಡೆದು ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ. ಆದರೆ ಯಾವ ಕಚೇರಿ ಎಲ್ಲಿದೆ ಎಂದು ಬರೆದರೆ ವಿಳಾಸಪಟ್ಟಿಯಾಗುತ್ತದೆ, ಅಷ್ಟೆ. ಕಷ್ಟಕ್ಕೆ ಸಿಲುಕಿದಾಗ ಉದ್ಯಮಿ ಮೊದಲು ಯಾರ ಬಳಿಗೆ ಹೋಗುತ್ತಾರೆ, ಅಲ್ಲಿ ಏನು ಸಿಗುತ್ತದೆ, ಸಿಗದಿದ್ದರೆ ಮುಂದೆ ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ಗುರುತಿಸಿದಾಗಲೇ ಅದು ಜಾಲದ ನಕ್ಷೆ. ಇಷ್ಟು ಸರಳವಾದ ವ್ಯತ್ಯಾಸವನ್ನು ಮತ್ತೆ ಮತ್ತೆ ಹೇಳಬೇಕಾಗಿರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ವಿಜಯಪುರದ ಕಡೆಯ ಒಂದು ಸಭೆಯಲ್ಲಿ ಇಂಥದೇ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿದ್ದರು. ಜೋಳದ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಇದರಾಗ ನಮ್ಮ ಜ್ವಾಳದ ಸಾವಕಾರ್ರು ಎಲ್ಲದಾರ್ರೀ?" ಎಂದು ಕೇಳಿದರು. ಸುಗ್ಗಿಯಲ್ಲಿ ಒಳ್ಳೆಯ ಬಿಳಿಜೋಳವನ್ನು ಇವರಿಗಾಗಿ ತೆಗೆದಿರಿಸಿ, ಉದ್ರಿ ಕೊಟ್ಟು, ರೊಟ್ಟಿ ಮಾರಿದ ಮೇಲೆ ಹಣ ಪಡೆಯುವವರು ಆ ಸಾವಕಾರರು. ಯಾವ ಖಾನಾವಳಿಯವರು ಬಾಕಿ ಉಳಿಸಿಕೊಳ್ಳುತ್ತಾರೆ ಎಂದು ಎಚ್ಚರಿಸುವವರೂ ಅವರೇ. ಬ್ಯಾಂಕಿನ ಸಾಲದಿಂದ ಯಂತ್ರ ಬಂದಿರಬಹುದು, ಆದರೆ ದಿನದ ವ್ಯವಹಾರ ನಡೆಯುವುದು ಈ ಉದ್ರಿಯಿಂದ. ಉದ್ರಿಯ ಜೋಳಕ್ಕೆ ದರ ಹೆಚ್ಚು ಎಂಬುದೂ ನಿಜ, ಅದನ್ನೂ ನಕ್ಷೆಯಲ್ಲಿ ದಾಖಲಿಸಬೇಕು. ಆದರೆ ಅವರನ್ನು ಮಧ್ಯವರ್ತಿಯೆಂದು ಅಳಿಸಿಹಾಕಿ ರೂಪಿಸಿದ ಯೋಜನೆಯು, ಆ ಹೆಣ್ಣುಮಗಳಿಗೆ ಮಳೆಗಾಲದಲ್ಲಿ ಜೋಳ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರಿಸಲಾರದು.

ಆದ್ದರಿಂದ "ನಿಮಗೆ ಯಾವ ಸಂಸ್ಥೆಗಳು ಗೊತ್ತು?" ಎಂದು ಕೇಳಬೇಡಿ, ಕೇಳಿದವರನ್ನು ಮೆಚ್ಚಿಸಲು ಜನ ಇಲಾಖೆಗಳ ಹೆಸರು ಹೇಳುತ್ತಾರೆ. "ಹೋದ ಸಲ ಹಣ ಸಿಕ್ಕಿಹಾಕಿಕೊಂಡಾಗ ಮೊದಲು ಯಾರಿಗೆ ಹೇಳಿದಿರಿ?" ಎಂದು ಕೇಳಿ. ಆದರೆ ಸಾಲ ಕೊಟ್ಟವರ ಹೆಸರನ್ನು ವರದಿಯಲ್ಲಿ ಬರೆಯಬೇಡಿ, ಊರಿನಲ್ಲಿ ಅದರಿಂದ ಸಂಬಂಧ ಕೆಡುತ್ತದೆ. ಒಂದು ತಾಲ್ಲೂಕಿನ ನಕ್ಷೆಯನ್ನು ಇಡೀ ಜಿಲ್ಲೆಗೆ ಅನ್ವಯಿಸುವುದೂ ಸರಿಯಲ್ಲ.

ನಕ್ಷೆಯಲ್ಲಿ ಕಡಿದುಹೋದ ಗೆರೆಗಳೇ, ಅಂದರೆ ಸಿಗಬೇಕಾದ ನೆರವು ಉದ್ಯಮಿಗೆ ತಲುಪದ ಕಡೆಗಳೇ ನನಗೆ ಮುಖ್ಯ. ಸಣ್ಣ ಉದ್ಯಮಗಳ ಅಭಿವೃದ್ಧಿಗೆಂದು ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬಡ್ಡಿ ಕೊಡಬೇಕು. ಇಂಥ ಉದ್ಯಮಗಳಿಗಾಗಿ ಇರುವ ಸರ್ಕಾರದ 'ಉದ್ಯಮ್' ನೋಂದಣಿ ಇಲ್ಲದವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ನೋಂದಣಿ ಇದ್ದವರಲ್ಲೂ ಅನೇಕರು ನಾಳೆಯ ಗಿರಾಕಿ ತಪ್ಪೀತೆಂದು ದೂರು ಕೊಡುವುದಿಲ್ಲ. ಹಾಗೆಯೇ ಹೊಸ ಉದ್ಯಮಕ್ಕೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯ ಅರ್ಜಿ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಬ್ಯಾಂಕಿಗೆ ಹೋದ ಮೇಲೆ ಯಾರ ಮೇಜಿನ ಮೇಲಿದೆ ಎಂಬುದು ಅರ್ಜಿದಾರರಿಗೆ ಎಷ್ಟೋ ಸಲ ತಿಳಿಯುವುದಿಲ್ಲ. ಈ ಎರಡು ಕಚೇರಿಗಳ ನಡುವೆ ಗೆರೆ ಎಳೆಯುವಾಗ, ಅರ್ಜಿಯ ವಿಚಾರಕ್ಕೆ ಉತ್ತರಿಸಬೇಕಾದ ಅಧಿಕಾರಿಯ ಹುದ್ದೆಯನ್ನೂ ಅರ್ಜಿ ಅಲ್ಲಿ ಉಳಿದ ದಿನಗಳನ್ನೂ ಗೆರೆಯ ಮೇಲೆಯೇ ಬರೆಯಿರಿ.